ನಡಿಗೆಯೂ ಸಕ್ಕರೆಯೂ

ನಡೆದರೆ ಸಕ್ಕರೆ ಇಳಿಯುತ್ತದೆ ಎಂದು ಹಿತೈಷಿಗಳು ನನಗೆ ಆಗಾಗ ಹೇಳುವುದುಂಟು. ಅವರ ಮಾತು ನಿಜ. ನನ್ನ ಅಂಜಿಕೆಗೆ ಕಾರಣವೂ ಅದೇ.

ನನ್ನದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಬಂದು ಸೇರುವ ಸಿಹಿಮೂತ್ರವಲ್ಲ. ಹದಿಮೂರನೆಯ ವಯಸ್ಸಿಗೇ ಬಂದ, ವೈದ್ಯರು ಮೊದಲನೆಯ ಬಗೆಯ ಮಧುಮೇಹವೆಂದು ಕರೆಯುವ ವ್ಯಾಧಿ. ಇದರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವು ತಾನೇ ನಾಶಮಾಡಿಕೊಂಡಿರುತ್ತದೆ. ಬದುಕಬೇಕಾದರೆ ಇನ್ಸುಲಿನ್ನನ್ನು ಹೊರಗಿನಿಂದ ಚುಚ್ಚಿಕೊಳ್ಳಬೇಕು.

ಆರೋಗ್ಯವಂತನು ಬಿರುಸಾಗಿ ನಡೆಯತೊಡಗಿದಾಗ ಅವನ ರಕ್ತದಲ್ಲಿ ಇನ್ಸುಲಿನ್ ತಾನಾಗಿಯೇ ತಗ್ಗುತ್ತದೆ. ಸ್ನಾಯುಗಳಿಗೆ ಬೇಕಾದಷ್ಟು ಸಕ್ಕರೆಯನ್ನು ಯಕೃತ್ತು ಬಿಟ್ಟುಕೊಡುತ್ತದೆ. ಜಮೆ ಖರ್ಚು ಸರಿಹೋಗುತ್ತದೆ. ನಾನಾದರೋ ಒಮ್ಮೆ ಚುಚ್ಚಿಕೊಂಡ ಇನ್ಸುಲಿನ್ನನ್ನು ಹಿಂದಕ್ಕೆ ಕರೆಯಲಾರೆ. ಅದು ಯಕೃತ್ತಿನ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಇತ್ತ ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ಸಕ್ಕರೆಯನ್ನು ಸೆಳೆದುಕೊಳ್ಳುತ್ತಲೇ ಇರುತ್ತದೆ.

ವ್ಯಾಯಾಮದಿಂದ ಇನ್ಸುಲಿನ್ನಿನ ಪ್ರಭಾವ ಹೆಚ್ಚುತ್ತದೆಂದು ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸ್ 1926ರಲ್ಲಿಯೇ ಬರೆದರು. ಅವರೂ ಇದೇ ರೋಗಿ. ಇನ್ನು ಉಳಿಯಲಾರೆನೆಂದು ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದವರು, 1923ರಲ್ಲಿ ಇನ್ಸುಲಿನ್ ದೊರೆಯುವ ಸುದ್ದಿ ತಿಳಿದು ಲಂಡನ್ನಿಗೆ ಮರಳಿದರು, 1968ರವರೆಗೆ ಬದುಕಿದರು.

ಈ ವಿಷಯ ಗೊತ್ತಿಲ್ಲದ ಕಾಲೇಜಿನ ದಿನಗಳಲ್ಲಿ ಒಂದು ಸಂಜೆ ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಎರಡು ಸುತ್ತು ಹಾಕಿ ಬಂದು, ಹುಮ್ಮಸ್ಸಿನಿಂದಲೇ ಮಲಗಿದೆ. ದಣಿದ ಸ್ನಾಯುಗಳು ಬರಿದಾದ ತಮ್ಮ ಕಣಜವನ್ನು ರಾತ್ರಿಯೆಲ್ಲ ತುಂಬಿಕೊಳ್ಳುತ್ತವೆ. ಅದಕ್ಕೆ ಬೇಕಾದ ಸಕ್ಕರೆ ರಕ್ತದಿಂದಲೇ ಹೋಗಬೇಕು. ಮೂರು ಗಂಟೆಯ ಹೊತ್ತಿಗೆ ಅಮ್ಮನಿಗೆ ಎಚ್ಚರವಾಯಿತಂತೆ. ಹಾಸಿಗೆ ಬೆವರಿನಿಂದ ತೊಯ್ದಿತ್ತು. ನಾನು ಅವಳ ಗುರುತೂ ಸಿಕ್ಕದೆ ಏನೋ ಗೊಣಗುತ್ತಿದ್ದೆ. ನುಂಗುವಷ್ಟು ಎಚ್ಚರ ಉಳಿದಿದ್ದುದು ಪುಣ್ಯ. ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

ಅನಂತರ ಎರಡು ವರ್ಷ ನಾನು ಕೆರೆಯತ್ತ ಸುಳಿಯಲಿಲ್ಲ. ಅದು ತಪ್ಪು. ಹೃದಯಕ್ಕೂ ರಕ್ತನಾಳಗಳಿಗೂ ನಡಿಗೆಯ ಅಗತ್ಯ ನಮ್ಮಂಥವರಿಗೆ ಇತರರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಈಗ ಹೊರಡುವ ಮೊದಲು ರಕ್ತವನ್ನು ಪರೀಕ್ಷಿಸಿಕೊಳ್ಳುತ್ತೇನೆ. ಡೆಸಿಲೀಟರಿಗೆ 126ರಿಂದ 180 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ. 90ಕ್ಕೂ ಕೆಳಗಿದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, ಸಕ್ಕರೆ ಏರುವವರೆಗೆ ಕಾಯುತ್ತೇನೆ. ಊಟವಾದ ಮೇಲೆ ನಡೆಯುವುದಾದರೆ, ಆ ಊಟದ ಇನ್ಸುಲಿನ್ನನ್ನು ವೈದ್ಯರು ಹೇಳಿದಷ್ಟು ತಗ್ಗಿಸುತ್ತೇನೆ. ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು: ಇನ್ಸುಲಿನ್ ಸಾಲದೆ ಸಕ್ಕರೆ 270ನ್ನು ದಾಟಿ, ಕೀಟೋನ್ ಕಾಣಿಸಿಕೊಂಡ ದಿನ ನಡಿಗೆಯೇ ಕೂಡದು. ನಡೆದರೆ ಏರಿದ್ದು ಇನ್ನೂ ಏರುತ್ತದೆ. ಇನ್ನೊಂದು ವಿಚಿತ್ರವೆಂದರೆ, ನಡಿಗೆಯ ಕೊನೆಗೆ ಹತ್ತೇ ಸೆಕೆಂಡು ಶಕ್ತಿಮೀರಿ ಓಡಿದರೆ, ಸಕ್ಕರೆ ಇಳಿಯುವುದು ಸ್ವಲ್ಪ ಕಾಲ ತಡೆಯುತ್ತದೆ. ಕೆರೆಯ ದಂಡೆಯಲ್ಲಿ ನಾನು ಒಮ್ಮೆಗೇ ಓಡುವುದನ್ನು ಕಂಡವರು ನಾಯಿ ಅಟ್ಟಿಸಿಕೊಂಡು ಬಂದಿತೇ ಎಂದು ಹಿಂದಿರುಗಿ ನೋಡುತ್ತಾರೆ.

ತೋಳಿಗೆ ಅಂಟಿಸಿಕೊಂಡ ಪುಟ್ಟ ಉಪಕರಣವೊಂದು, ನಿದ್ದೆಯಲ್ಲಿ ಸಕ್ಕರೆ ಇಳಿದರೆ ಈಗ ನನ್ನನ್ನು ಕೂಗಿ ಎಬ್ಬಿಸುತ್ತದೆ. ಅಮ್ಮನಿಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಕೆರೆ ಸುತ್ತಿ ಬಂದ ರಾತ್ರಿಗಳಲ್ಲಿ, ಮೂರು ಗಂಟೆಯ ಸುಮಾರಿಗೆ, ನನ್ನ ಕೋಣೆಯ ಬಾಗಿಲ ಬಳಿ ಅವಳ ಹೆಜ್ಜೆಯ ಸದ್ದು ಈಗಲೂ ಕೇಳುತ್ತದೆ.