ಪದ್ಮಿನಿ ಅಂಗಳದಲ್ಲಿ, ಸನ್‌ರೂಫ್ ಕನಸಲ್ಲಿ

ಇವತ್ತು ಒಂದು ಕಾರಿನ ಲೆಕ್ಕ ಮಾಡುವ. ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಆಗ್ಬೇಕಲ್ವಾ?

ಕಾಪುವಿನಲ್ಲಿರುವ ನಮ್ಮನೆ ಅಂಗಳದಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಉಂಟು. ಅಜ್ಜ ತಗೊಂಡದ್ದು, ಅಪ್ಪ ಓಡಿಸಿದ್ದು, ಈಗ ಕೀ ನನ್ನ ಕೈಯಲ್ಲಿ. ಆದ್ರೆ ನನ್ನ ಫೋನ್ ತುಂಬ ಇರೋದು ಸನ್‌ರೂಫ್ ಇರುವ ಹೊಸ ಎಸ್‌ಯುವಿ ಫೋಟೋಗಳು. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರಲ್ಲಿ ಸನ್‌ರೂಫ್ ಎಂತಕ್ಕೆ ಅಂತ ಅಮ್ಮ ಕೇಳ್ತಾರೆ. ಉತ್ತರ ಇಲ್ಲ ಮಾರಾಯ್ರೆ. ಆಸೆ ಅಷ್ಟೆ.

ಪದ್ಮಿನಿ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಇಟಲಿಯ ಫಿಯೆಟ್ 1100 ಕಾರು ನಮ್ಮಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂತು. ಮುಂಬೈಯ ಕುರ್ಲಾದಲ್ಲಿ ತಯಾರಿ. 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯ್ತು. 1089 ಸಿಸಿ ಎಂಜಿನ್, ಗೇರ್ ಸ್ಟೇರಿಂಗ್ ಪಕ್ಕದಲ್ಲೇ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಅಂದ್ರೆ ಇದೇ. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು.

ನಮ್ಮದು ಇನ್ನೂ ಇಳಿದಿಲ್ಲ. ಆದ್ರೆ ಈ ವರ್ಷ, 2026ರಲ್ಲಿ, ನಿರ್ಧಾರ ಮಾಡ್ಲೇಬೇಕು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನೀವಲ್. ಅದರ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದ್ರು. "ವಿಂಟೇಜ್ ಅಂತ ಮಾಡಿಸು" ಅಂತ ಫ್ರೆಂಡ್ಸ್ ಹೇಳ್ತಾರೆ. 2021ರ ನಿಯಮದ ಪ್ರಕಾರ ವಿಂಟೇಜ್ ಆಗೋಕೆ 50 ವರ್ಷ ತುಂಬಿರಬೇಕು, ಅಂದ್ರೆ ನಮ್ಮದಕ್ಕೆ 2036. ಅದಾದ್ರೂ ಪ್ರದರ್ಶನ, ರ‍್ಯಾಲಿ ಅಂತಹದ್ದಕ್ಕೆ ಮಾತ್ರ ಓಡಿಸಬಹುದು, ಮೀನು ಮಾರ್ಕೆಟ್‌ಗೆ ಹೋಗೋ ಹಾಗಿಲ್ಲ.

ಇನ್ನು ಸಾಕುವ ಕಷ್ಟ. ಕಾಪು ಲೈಟ್‌ಹೌಸ್ 1901ರಿಂದ ಉಪ್ಪು ಗಾಳಿಗೆ ನಿಂತಿದೆ. ಅದು ಕಲ್ಲು, ನಮ್ಮದು ತಗಡು. ತುಕ್ಕು ಮೇಲೆ ಕಾಣುವಲ್ಲಿ ಶುರುವಾಗಲ್ಲ. ಡೋರಿನ ಕೆಳ ಅಂಚಲ್ಲಿ, ಕಾಲಡಿಯ ಮ್ಯಾಟಿನ ಅಡಿಯಲ್ಲಿ ಶುರುವಾಗ್ತದೆ. ಹಾಗಾಗಿ ಕಾರಿನ ಅಡಿಭಾಗವನ್ನು ಸಿಹಿ ನೀರಲ್ಲಿ ತೊಳೆಯೋದು ನಮ್ಮ ಮನೆಯ ಭಾನುವಾರದ ಕೆಲಸ. ಈಗ ಬಂಕ್‌ನಲ್ಲಿ ಸಿಗೋದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವ ಎಳ್ಕೊಳ್ತದೆ, ಹಳೆ ರಬ್ಬರ್ ಪೈಪುಗಳಿಗೂ ಆಗಿಬರಲ್ಲ. ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋಗಿ ಪೈಪೆಲ್ಲ ಬದಲಾಯಿಸಿ ಬಂದೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಸ್ಕ್ಯಾನರ್ ಮುಟ್ಟಲ್ಲ. ಕಿವಿಗೊಟ್ಟು ಕೇಳಿ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸ್ತಾರೆ. "ಗಾಡಿ ಎಡ್ಡೆ ಉಂಡು" ಅಂದ್ರು. ಗಾಡಿ ಚೆನ್ನಾಗಿದೆ ಅಂತ.

ಹಾಗಾದ್ರೆ ಹೊಸದು ಯಾಕೆ? ಸನ್‌ರೂಫ್ ಬಿಡಿ, ನಿಜವಾದ ಕಾರಣ ಬೇರೆ. ಅಪ್ಪನನ್ನು ಚೆಕಪ್‌ಗೆ ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು. ಕಟಪಾಡಿ, ಉದ್ಯಾವರದ ಹತ್ತಿರ ಹೈವೇಯಲ್ಲಿ ಲಾರಿ ಒತ್ತಿಕೊಂಡು ಬರುವಾಗ ನಮ್ಮ ಕಾರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಳೆಗಾಲದ ರಾತ್ರಿ ಅಂತೂ ಅಪ್ಪನೇ, "ಬೇಡ ಮಗ, ರಿಕ್ಷಾ ಮಾಡುವ" ಅಂತಾರೆ. ನಲವತ್ತು ವರ್ಷದ ಪ್ರೀತಿ ಬ್ರೇಕ್ ಹಿಡಿಯಲ್ಲ.

ಈಗ ದುಡ್ಡಿನ ಮಾತು. 8 ಲಕ್ಷ ಸಾಲ, ಶೇ. 9 ಬಡ್ಡಿ, ಏಳು ವರ್ಷ ಅಂತ ಇಟ್ಕೊಳ್ಳಿ. ಇಎಂಐ ಸುಮಾರು 12,870. ಒಟ್ಟು ಬಡ್ಡಿಯೇ 2 ಲಕ್ಷ 81 ಸಾವಿರ. ಅದೇ ಹೊತ್ತಿಗೆ ಕಾರಿನ ಬೆಲೆ ಇಳೀತಾ ಹೋಗ್ತದೆ. ಇನ್ಶೂರೆನ್ಸ್‌ನವರ ಐಡಿವಿ ಪಟ್ಟಿ ನೋಡಿ: ನಾಲ್ಕು ವರ್ಷ ದಾಟಿದ ಕಾರಿಗೆ ಶೇ. 50 ಕಡಿತ. ಸಾಲ ತೀರೋ ಮೊದಲೇ ಅರ್ಧ ಕಾರು ಹೋಯ್ತು.

ಈ ಇಎಂಐ ನನ್ನಿಂದ ಆಗ್ತದಾ? ಇದನ್ನು ಪರೀಕ್ಷಿಸೋಕೆ ನಮ್ಮೂರಿನದ್ದೇ ಒಂದು ಉಪಾಯ ಉಂಟು: ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಯೋಜನೆ ಅದು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಆದ್ರೂ ಕಟ್ಟಿಸ್ಕೊಳ್ತಿದ್ರು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕ್ ಜೊತೆ ಸೇರಿತು. ಆದ್ರೆ ಪಿಗ್ಮಿ ಅನ್ನೋ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಉಳಿದಿದೆ. ನನ್ನ ಇಎಂಐ ಭಾಗಿಸಿದ್ರೆ ದಿನಕ್ಕೆ 430 ರೂಪಾಯಿ. ಕಾರು ತಗೊಳ್ದೆಯೇ ಅದನ್ನು ಪ್ರತ್ಯೇಕ ಖಾತೆಗೆ ಹಾಕ್ತಾ ಬಂದೆ.

ಎಂಟು ತಿಂಗಳಾಯ್ತು. ಆರು ತಿಂಗಳು ಪೂರ್ತಿ ಕಟ್ಟಿದೆ. ಜಾಹೀರಾತು ಬಾರದ ಎರಡು ತಿಂಗಳು ಆಗ್ಲಿಲ್ಲ. ಸಾಲ ಆಗಿದ್ರೆ ಆ ಎರಡು ಕಂತು ಬೌನ್ಸ್. ಪೆನಾಲ್ಟಿ, ಮೇಲಿಂದ ಸಿಬಿಲ್ ಸ್ಕೋರ್‌ಗೂ ಪೆಟ್ಟು. ಈಗ ಹಾಗೇನಿಲ್ಲ, ಖಾತೆಯಲ್ಲಿ 85 ಸಾವಿರ ಉಂಟು.

ಹಾಗಾಗಿ ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿದ್ದು ಇಷ್ಟು. ಪದ್ಮಿನಿಗೆ ರಿನೀವಲ್ ಮಾಡಿಸೋದು, ಅದು ಹಗಲಿನ, ಹತ್ತಿರದ ಓಡಾಟಕ್ಕೆ. ಅಪ್ಪನ ಮಣಿಪಾಲ ಓಡಾಟಕ್ಕೆ ನಾಲ್ಕೈದು ವರ್ಷ ಹಳೆಯ, ಎರಡು ಏರ್‌ಬ್ಯಾಗ್, ಎಬಿಎಸ್ ಇರುವ ಸಣ್ಣ ಕಾರು. ಅರ್ಧ ಬೆಲೆ ಕಳ್ಕೊಳ್ಳುವ ಕೆಲಸ ಮೊದಲ ಮಾಲೀಕರು ಮಾಡಿ ಮುಗಿಸಿರ್ತಾರೆ. ಪಿಗ್ಮಿ ದುಡ್ಡು ಡೌನ್ ಪೇಮೆಂಟ್‌ಗೆ, ಕಂತು ಆ ಎರಡು ಕೆಟ್ಟ ತಿಂಗಳಲ್ಲೂ ಕಟ್ಟಬಹುದಾದಷ್ಟೇ. ಸನ್‌ರೂಫ್ ಫೋನಲ್ಲೇ ಇರಲಿ.

ನೀವೂ ಕಾರಿನ ಕನಸಲ್ಲಿದ್ರೆ ಶೋರೂಮ್‌ಗೆ ಹೋಗೋ ಮೊದಲು ಆರು ತಿಂಗಳು ನಿಮ್ಮ ಇಎಂಐಯನ್ನು ನಿಮಗೇ ಕಟ್ಟಿ ನೋಡಿ. ಹೇಗಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳುವ. ಹಾಂ, ಮಳೆಯಲ್ಲಿ ಸ್ವಲ್ಪ ನಿಧಾನ ಹೋಗಿ ಆಯ್ತಾ. ಬರ್ತೇನೆ.