ನೆರಳಿನಲ್ಲಿ ಒಣಗುವ ಮರ

ಬೆಂಗಳೂರಿನ ನಮ್ಮ ಕೋಗಿಲು, ಯಲಹಂಕ ದಾಟಿ ಉತ್ತರಕ್ಕೆ ಹೋದರೆ ನಂದಿಬೆಟ್ಟ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಅಲ್ಲಿ ನೆಡಿಸಿದನೆನ್ನುವ ನೀಲಗಿರಿ ಆಸ್ಟ್ರೇಲಿಯಾ ಮೂಲದ ಗಟ್ಟಿಮರ. ಮುಂದೆ ಅದು ಈ ಸೀಮೆಯ ಹೊಲಗಳಿಗೂ ಹಬ್ಬಿತು. ಅದರ ತುಂಡಿನಲ್ಲಿ ಚಾಕುವಿನ ಹಿಡಿಯನ್ನೋ ಪುಟ್ಟ ಪೆಟ್ಟಿಗೆಯನ್ನೋ ಮಾಡಹೊರಟವರಿಗೆ ಮೊದಲ ಪಾಠ ತಾಳ್ಮೆ.

ಹಸಿಮರವನ್ನು ಬಿಸಿಲಿಗೆ ಹಾಕಿದರೆ ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ. ಒಳಗಿನ ತಿರುಳು ಇನ್ನೂ ಹಸಿ. ಈ ಎಳೆದಾಟದಲ್ಲಿ ಮರ ಸೀಳುತ್ತದೆ. ನೀರು ಬೇಗ ಆರುವುದು ತುದಿಗಳಿಂದ. ಅದಕ್ಕೇ ಬಲ್ಲವರು ಎರಡೂ ತುದಿಗೆ ಮೇಣವನ್ನೋ ಪೇಂಟನ್ನೋ ಬಳಿದು, ತುಂಡುಗಳ ನಡುವೆ ಒಂದೇ ದಪ್ಪದ ರೀಪು ಇಟ್ಟು, ಗಾಳಿಯಾಡುವ ನೆರಳಿನಲ್ಲಿ ಜೋಡಿಸುತ್ತಾರೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಅಂದಾಜಿನ ಲೆಕ್ಕ. ಆಗಾಗ ತೂಗಿ ನೋಡಬೇಕು. ತೂಕ ಇಳಿಯುವುದು ನಿಂತಾಗ ಮರ ಕೆಲಸಕ್ಕೆ ಸಿದ್ಧ.

ಮಕ್ಕಳ ಕಲಿಕೆ, ಹೊಸ ಉದ್ಯೋಗ, ಮುನಿಸಿಕೊಂಡ ಬಂಧುವಿನ ಮನಸ್ಸು, ಇವಕ್ಕೂ ಅವಸರದ ಬಿಸಿಲು ಹಿತವಲ್ಲ. ಹಾಗೆಂದು ಮೂಲೆಗೆ ತಳ್ಳಿ ಮರೆತರೆ ಗೆದ್ದಲು ಹಿಡಿದೀತು. ನೆರಳು ಕೊಡಿ, ಗಾಳಿಗೆ ಜಾಗ ಬಿಡಿ, ಆಗಾಗ ವಿಚಾರಿಸಿಕೊಳ್ಳಿ.