ಸಾಲದ ಕಾಗದ ಓದಬೇಕಾದವರು ನಾವು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೇರಿಗಳಿಗೆ ಸಾಲ ಹೊಸದಲ್ಲ. ಅಪ್ಪ ಮದುವೆಗೆ ತಂದ ದುಡ್ಡಿಗೆ ಮಗ ಗೌಡನ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ. ಅದಕ್ಕೆ ಜೀತ ಅಂತ ಹೆಸರು. 1976ರ ಕಾಯ್ದೆ ಜೀತವನ್ನು ಅಪರಾಧ ಎಂದಿತು, ಜೀತದ ಸಾಲವನ್ನೇ ಅಳಿಸಿಹಾಕಿತು. ಆದರೂ ಎಷ್ಟೋ ಕೊಟ್ಟಿಗೆಗಳಿಗೆ ಆ ಸುದ್ದಿಯೇ ಮುಟ್ಟಲಿಲ್ಲ. ಯಾಕೆ? ಓದಿ ಹೇಳುವವರು ಇರಲಿಲ್ಲ.

ಈಗಿನ ಸಾಹುಕಾರ ಬೈಕಿನ ಮೇಲೆ ಬರುತ್ತಾನೆ. ಹತ್ತು ಜನ ಹೆಂಗಸರನ್ನು ಗುಂಪು ಕಟ್ಟಿ ಸಾಲ ಕೊಡುತ್ತಾನೆ. ಒಬ್ಬಳು ಕಂತು ತಪ್ಪಿದರೆ ಉಳಿದವರ ತಲೆಗೆ. ಕೂಲಿ ಸಿಗದ ವಾರ ನಮ್ಮ ಅವ್ವನನ್ನು ಮೊದಲು ಬೈಯೋದು ಕಂಪನಿಯವನಲ್ಲ, ಪಕ್ಕದ ಮನೆ ಚಿಕ್ಕವ್ವ. ಕೇರಿಯನ್ನೇ ಕೇರಿಯ ಮೇಲೆ ವಸೂಲಿಗೆ ನಿಲ್ಲಿಸುವುದು ಈ ಸಾಲದ ಮರ್ಮ. ಕಿರುಕುಳ ತಾಳಲಾರದೆ ಊರು ಬಿಟ್ಟವರುಂಟು, ಜೀವ ಬಿಟ್ಟವರೂ ಉಂಟು.

ಇಷ್ಟಾದ ಮೇಲೆ ಕರ್ನಾಟಕ ಸರ್ಕಾರ 2025ರಲ್ಲಿ ಕಿರುಸಾಲದ ಸುಗ್ರೀವಾಜ್ಞೆ ತಂದಿತು. ಶಿಕ್ಷೆ ಹೆಚ್ಚಾಯಿತೆಂದು ರಾಜ್ಯಪಾಲರು ಮೊದಲು ವಾಪಸು ಕಳಿಸಿದರು. ಸಾಲಕ್ಕೆ ಸತ್ತವರ ಲೆಕ್ಕದ ಮುಂದೆ ಯಾವ ಶಿಕ್ಷೆ ಹೆಚ್ಚು ಎಂದು ನಾವು ಕೇಳುತ್ತೇವೆ. ಕೊನೆಗೆ ಫೆಬ್ರವರಿ 12ರಂದು ಅದು ಜಾರಿಗೆ ಬಂತು. ಹೆದರಿಸಿ ಬೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ, ಬಡ್ಡಿ ಸಮೇತ ತೀರಿದಂತೆಯೇ. ದೂರು ಕೊಟ್ಟರೆ ಪೊಲೀಸರು ಬರೆದುಕೊಳ್ಳಲೇಬೇಕು.

ಇಲ್ಲಿ ನಾವು ಮೋಸಹೋಗಬಾರದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯ ಸಾಲ ಇದರಿಂದ ಮನ್ನಾ ಆಗುವುದಿಲ್ಲ. "ಎಲ್ಲಾ ಸಾಲ ಹೋಯ್ತು ಕಣವ್ವ" ಅಂತ ಊರಲ್ಲಿ ಹೇಳಿದರೆ ನಮ್ಮವರನ್ನೇ ಗುಂಡಿಗೆ ತಳ್ಳಿದಂತೆ. ಆದರೆ ಆ ಕಂಪನಿಗಳಿಗೂ ಮೂಗುದಾರ ಇದೆ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಕಿರುಸಾಲಕ್ಕೆ ಒತ್ತೆ ಕೇಳುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವ ಹಾಗೆ ಸಾಲ ಕೊಡುವಂತಿಲ್ಲ. ರಾತ್ರಿ ಹೊಸ್ತಿಲಲ್ಲಿ ಕೂತು "ದುಡ್ಡು ಕೊಡೋವರೆಗೂ ಏಳಲ್ಲ" ಅನ್ನುವವನಿಗೆ ಈ ನಿಯಮ ಗೊತ್ತು. ಗೊತ್ತಿಲ್ಲದವಳು ನಮ್ಮ ಅವ್ವ.

ಅದಕ್ಕೇ ಹೇಳುತ್ತೇವೆ. ಈ ಸಲ ರಜೆಗೆ ಊರಿಗೆ ಹೋದಾಗ ಅವ್ವನ ಪೆಟ್ಟಿಗೆ ತೆಗೆಸಿ. ಸಾಲದ ಕಾರ್ಡು, ರಸೀದಿ ಓದಿ. ಕೊಟ್ಟವನು ಯಾರು, ನೋಂದಣಿ ಉಂಟೋ ಇಲ್ಲವೋ, ಬಡ್ಡಿ ಎಷ್ಟು, ಕಟ್ಟಿದ್ದೆಷ್ಟು ಎಂದು ಬರೆದಿಡಿ. ಪಕ್ಕದ ಮನೆಯದನ್ನೂ ಓದಿ. ವಸೂಲಿಯವನು ಬಂದಾಗ ಹತ್ತು ಹೆಂಗಸರ ಜೊತೆ ನೀವೂ ನಿಲ್ಲಿ. ಅವನು ಕಟ್ಟಿದ ಗುಂಪೇ ನಮ್ಮ ಸಂಘಟನೆ ಆಗಲಿ.

ನಮ್ಮನ್ನು ಓದಿಸಲೆಂದೇ ಸಾಲ ಮಾಡಿದ ಅವ್ವಂದಿರಿದ್ದಾರೆ. ಆ ಓದು ಮೊದಲು ಅವರ ಕಾಗದಕ್ಕೆ ಸಲ್ಲಬೇಕು.

ಜೈ ಭೀಮ್.